ಕಡೀ ಹಿಡಿಯ ನುಡಿ

ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡುವುದೆಂದರೆ ಪಂಚಾಕ್ಷರಿಗೆ ಮೊದಲಿನಿಂದಲೂ ಆಗದು. ಆ ಭಾನುವಾರ ಮಧ್ಯಾಹ್ನ ಅದೇ ಕೆಲಸ ಕುತ್ತಿಗೆಗೆ ಬಂದಿತ್ತು. ಬೆಳಿಗ್ಗೆಯೇ ವಿಜಯನಗರದ ಬಸ್ ಸ್ಟಾಪಿನಲ್ಲಿ, ಮೆಟ್ರೊಗೆಂದು ಅಗೆದು ಹಾಕಿದ ರಸ್ತೆಯ ಧೂಳು ಕುಡಿಯುತ್ತ ನಿಂತು, ಹೇಳಬೇಕಾದ್ದನ್ನು ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದ. 'ಗೆಳೆಯರೇ, ನಾವು ಕೊಳ್ಳಬೇಕಾದ ಯಂತ್ರ ಯಾವುದೆಂದರೆ...' ಗೆಳೆಯರೇ ಅನ್ನುವುದೋ, ಸ್ನೇಹಿತರೇ ಅನ್ನುವುದೋ? ಅಲ್ಲಿಗೇ ಮಾತು ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಸೊಪ್ಪಿನ ಚೀಲ ಹಿಡಿದಿದ್ದ ಹೆಂಗಸು ಅವನ ತುಟಿ ಅಲುಗುವುದನ್ನು ನೋಡಿ ಒಂದಿಷ್ಟು ಆಚೆ ಸರಿದಳು. ಸರಿದರೆ ಸರಿಯಲಿ ಎಂದುಕೊಂಡ, ಆದರೂ ಚುಚ್ಚಿತು. ನಲವತ್ತು ದಾಟಿದ, ಮದುವೆಯಿಲ್ಲದ, ಬಿಳೀ ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೊರಟ ಗಂಡಸು ಹುಚ್ಚನ ಹಾಗೆ ಕಾಣಲು ಎಷ್ಟು ಕಡಿಮೆ ಸಾಕು ಎನಿಸಿತು. ಬಸ್ಸು ಬಂತು, ಹತ್ತಿದ.

ಮಾತು ಪುಸ್ತಕ ಓದುವ ಯಂತ್ರದ್ದು. ಸ್ಲೇಟಿನಷ್ಟು ಅಗಲ, ಒಳಗೆ ನೂರಾರು ಪುಸ್ತಕ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಬಸವೇಶ್ವರನಗರದ ನಂಜುಂಡಪ್ಪ ಮೇಷ್ಟ್ರ ಮಹಡಿಯಲ್ಲಿ ಸೇರುವ 'ತೆರೆದ ಕಪಾಟು' ಬಳಗ, ಅಲ್ಲಿಗೆ ಓದಲು ಬರುವ ಕಣ್ಣು ಮಂಜಾದ ಹಿರಿಯರಿಗೆ ಅಂಥದ್ದೊಂದನ್ನು ಕೊಳ್ಳಬೇಕೆಂದು ತೀರ್ಮಾನಿಸಿ, ಆರಿಸುವ ಹೊಣೆಯನ್ನು ಪಂಚಾಕ್ಷರಿಯ ತಲೆಗೆ ಕಟ್ಟಿತ್ತು. ಬಳಗದವರು ಹಳೆಯ ಪುಸ್ತಕಗಳನ್ನು, ಹಳ್ಳಿಯ ಹಾಡುಗಳನ್ನು ಕಂಪ್ಯೂಟರಿನಲ್ಲಿ ಅಚ್ಚುಮಾಡಿ ತಮ್ಮ ವೆಬ್‌ಸೈಟಿನಲ್ಲಿ ಇಡುವವರು. ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಅವರು ಬಳಸುವ ತಂತ್ರಾಂಶವೂ ಹಾಗೇ ಇರಬೇಕು, ಬಿಚ್ಚಿ ನೋಡಲು ಬರಬೇಕು, ಬೇಕಾದಂತೆ ಬದಲಿಸಲು ಬರಬೇಕು. ಇದನ್ನೆಲ್ಲ ಪಂಚಾಕ್ಷರಿಗೆ ಕಲಿಸಿದವನು ಬಳಗದವನೇ ಆದ ಆತ್ರೇಯ. ಬೀಗ ಹಾಕಿದ ಪುಸ್ತಕ ಪುಸ್ತಕವೇ ಅಲ್ಲ ಕಣೋ, ಅದು ಬಾಡಿಗೆ ಮನೆ ಅನ್ನುತ್ತಿದ್ದ. ಹದಿನೈದು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದು, ಗೋಡೆಗೆ ಮೊಳೆ ಹೊಡೆದದ್ದಕ್ಕೆ ಮಾಲೀಕನಿಂದ ಬೈಸಿಕೊಂಡಿದ್ದ ಪಂಚಾಕ್ಷರಿಗೆ ಆ ಮಾತು ನೇರ ಎದೆಗೇ ಹೋಗಿತ್ತು.

ಮಳೆಗಾಲವೆಲ್ಲ ಅದೇ ಧ್ಯಾನದಲ್ಲಿ ಕಳೆದಿತ್ತು. ಹೊರದೇಶದ ದೊಡ್ಡ ಕಂಪನಿಯ ಯಂತ್ರ ನೋಡಲು ಚೆಂದ, ಆದರೆ ಕನ್ನಡ ಮೂಡದು. ಮೇಲಾಗಿ ಅದರೊಳಗಿನ ಪುಸ್ತಕ ಕೊಂಡವನದಲ್ಲ, ಮಾರಿದವರದು. ಅಂಥದೊಂದು ಕಂಪನಿ ತಾನೇ ಮಾರಿದ ಪುಸ್ತಕವನ್ನು ಕೊಂಡವರ ಯಂತ್ರದೊಳಗೆ ದೂರದಿಂದಲೇ ಕೈಹಾಕಿ ಅಳಿಸಿತೆಂಬ ಸುದ್ದಿ ಬಂದಾಗ ಆತ್ರೇಯ ಮೇಜು ಗುದ್ದಿ ಮಾತಾಡಿದ್ದ. ಎಸ್.ಪಿ. ರೋಡಿನಲ್ಲಿ ಸಿಗುವ ಹೆಸರಿಲ್ಲದ ಯಂತ್ರ ಏನು ಕೊಟ್ಟರೂ ನುಂಗುತ್ತದೆ, ಬೀಗವಿಲ್ಲ, ಆದರೆ ಒತ್ತಕ್ಷರಗಳನ್ನೆಲ್ಲ ಬಿಡಿಸಿ ಚೆಲ್ಲಾಡುತ್ತದೆ. ಕಡೆಗೆ ಅದಕ್ಕೇ ಒಂದು ದಾರಿ ಹೊಳೆದಿತ್ತು. ಪುಟವನ್ನೇ ದೊಡ್ಡ ಅಕ್ಷರದಲ್ಲಿ ಜೋಡಿಸಿ, ಚಿತ್ರವಾಗಿ ಮಾಡಿ ಹಾಕಿದರೆ ಅಕ್ಷರ ಒಡೆಯುವುದಿಲ್ಲ. ಅದು ಕತ್ತೆಚಾಕರಿ. ಆದರೆ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಪ್ರೆಸ್ಸಿನಲ್ಲಿ ಅವನ ಹೊಟ್ಟೆಪಾಡೇ ಪುಟ ಜೋಡಿಸುವುದು. ಇನ್ನೊಂದಿಷ್ಟು ಜೋಡಿಸಿದರೆ ಬೆರಳೇನು ಸವೆಯುತ್ತದೆಯೇ? ಇದನ್ನೇ ಹೇಳಬೇಕೆಂದು ನಿಶ್ಚಯಿಸಿಕೊಂಡಿದ್ದ. ಅಷ್ಟರಲ್ಲಿ ಹಿಂದಿನ ದಿನ ಆತ್ರೇಯನ ಫೋನು. "ಮೀಟಿಂಗಿಗೆ ಮುಂಚೆ ಮನೆಗೆ ಬಾ. ನಿನಗೊಂದು ತೋರಿಸ್ಬೇಕು."

ಯಂತ್ರ ಬಳಗಕ್ಕೆ ಎಂಬುದು ಹೌದಾದರೂ, ಅವನ ಕಣ್ಣೆದುರು ಇದ್ದವಳು ಅಕ್ಕ ದುರ್ಗವ್ವ. ಅವ್ವ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ಬಿಟ್ಟು ಹೋದ ಮೇಲೆ ಗದಗಿನ ಕಡೆಯ ಹಳ್ಳಿ ಬಿಟ್ಟು ತಮ್ಮನ ಜೊತೆ ವಿಜಯನಗರದ ಈ ಎರಡು ಕೋಣೆಗೆ ಬಂದವಳು. ನಲವತ್ತು ಕಳೆದ ಮೇಲೆ ಊರಿನ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತಿದ್ದಳು. ತಡವಾಗಿ ಸಿಕ್ಕಿದ್ದಕ್ಕೋ ಏನೋ, ಅಕ್ಷರವೆಂದರೆ ಅವಳಿಗೆ ದೇವರಿಗಿಂತ ಒಂದು ತೂಕ ಹೆಚ್ಚು. ಕಡಲೆಕಾಯಿ ಕಟ್ಟಿದ ಪೇಪರು ತುಳಿದರೂ ಕಣ್ಣಿಗೊತ್ತಿಕೊಳ್ಳುವಳು. ಈಗ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣದೆ, ಕಲಿತ ವಿದ್ಯೆ ಕೈಬಿಟ್ಟು ಹೋಯಿತೆಂದು ಒಳಗೇ ಕೊರಗುತ್ತಿದ್ದಳು. ಅವಳ ಬಾಯಲ್ಲಿದ್ದ ಬೀಸುವ ಪದಗಳನ್ನು ಪಂಚಾಕ್ಷರಿಯೇ ಕೂತು ಅಚ್ಚುಮಾಡಿದ್ದ. ಅವಳು ಕಾಯಿಪಲ್ಯ ಹೆಚ್ಚುತ್ತ ಹಾಡುವುದು, ಇವನು ಟಕಟಕ ಒತ್ತುವುದು, ಎರಡು ಬೇಸಿಗೆ ಹಾಗೇ ನಡೆದಿತ್ತು. ಅವರ ತಾಯಿಯ ಕಡೆ ಒಂದು ರೂಢಿ. ಕಲ್ಲಿಗೆ ಕಡೆಯ ಹಿಡಿ ಜೋಳ ಹಾಕಿದಾಗ, ಬೀಸುವವಳು ತನ್ನವರಲ್ಲಿ ಒಬ್ಬರ ಹೆಸರು ಸೇರಿಸಿ ಒಂದು ನುಡಿ ತಾನೇ ಕಟ್ಟಿ ಹಾಡಬೇಕು. ಯಾರಾದರೂ ಆಗಬಹುದು, ತವರಿನವರು, ತಮ್ಮ, ಎತ್ತು ಕೂಡ. ದುರ್ಗವ್ವ ಆ ಜಾಗಕ್ಕೆ ಬಂದಾಗ ಈಳಿಗೆ ಪಕ್ಕಕ್ಕಿಟ್ಟು ಹಾಡಿದಳು:

ಕಡಿಯ ಹಿಡಿ ಜ್ವಾಳಕ್ಕ ಕೈಯೊಡ್ಡಿ ನಿಂತಾಕಿ
ಉಡಿಯಾಗಿನ ಕೂಸ ನೀಲವ್ವ, ನೀ ಹ್ವಾದ
ಗಡಿಯಾಚೆ ಕೇಳಲಿ ಈ ಹಾಡ.

ನೀಲವ್ವ ಅವಳ ಒಬ್ಬಳೇ ಮಗಳು. ಕಲ್ಲಿನ ಪಕ್ಕದಲ್ಲಿ ನಿಂತು ಕಡೆಯ ಹಿಡಿ ನಾ ಹಾಕ್ತೇನಿ ಎಂದು ಕೈಯೊಡ್ಡುತ್ತಿದ್ದ ಕೂಸು, ಜ್ವರ ಬಂದು ಹೋಗಿಬಿಟ್ಟಿತ್ತು. ಒಂದು ಫೋಟೋ ಇಲ್ಲ. ಆ ನುಡಿಯನ್ನು ಅಚ್ಚುಮಾಡುವ ಮುಂಚೆ ಪಂಚಾಕ್ಷರಿ ಅಕ್ಕನನ್ನು ಕೇಳಿದ್ದ, ಹಾಕಲೇನು ಎಂದು. "ಹಾಕು," ಅಂದಿದ್ದಳು. "ಅಚ್ಚಾದ್ರ ಉಳೀತದ. ಯಾರರ ಬ್ಯಾಡ ಅಂತಾರೇನು?" ಯಾರೂ ಬೇಡ ಅನ್ನುವಂತಿಲ್ಲ ಅಕ್ಕಾ, ಇದಕ್ಕೆ ಯಾರೂ ಕೀಲಿ ಹಾಕುವಂತಿಲ್ಲ, ಅದಕ್ಕೇ ನಮ್ಮ ಬಳಗ ಇರೋದು ಎಂದು ಮಾತು ಕೊಟ್ಟಿದ್ದ. ಕೊಡುವಾಗ ಅವನಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಆ ಹೆಮ್ಮೆ ತನ್ನದಲ್ಲ, ಆತ್ರೇಯನಿಂದ ಎರವಲು ತಂದದ್ದು ಎಂಬುದೂ ನೆನಪಿರಲಿಲ್ಲ.

ಆತ್ರೇಯನ ಮನೆ ರಾಜಾಜಿನಗರದ ಮೂರನೇ ಬ್ಲಾಕಿನಲ್ಲಿ, ಅವನಪ್ಪ ಕಟ್ಟಿಸಿದ್ದು, ಗೇಟಿನ ಮೇಲೆ ಮಲ್ಲಿಗೆ ಬಳ್ಳಿ. ಪಂಚಾಕ್ಷರಿ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟ. ಉಳಿದವರು ಬಾಗಿಲವರೆಗೆ ಹಾಕಿಕೊಂಡು ಬರುತ್ತಾರೆಂದು ಗೊತ್ತು, ಆದರೂ ಕಾಲು ಅಲ್ಲೇ ನಿಂತುಬಿಡುತ್ತದೆ. ಆತ್ರೇಯನ ಹೆಂಡತಿ ರಾಗಿಣಿ, "ಬನ್ನಿ, ಕಾಫಿ ತರ್ತೀನಿ," ಎಂದು ಒಳಗೆ ಹೋದಳು. ಅವಳು ಯಾಕೋ ಮುಖ ಕೊಟ್ಟು ಮಾತಾಡಲಿಲ್ಲ. ಆತ್ರೇಯ ಸೋಫಾದ ಮೇಲಿಂದಲೇ ಕೈ ಚಾಚಿ ಒಂದು ಬೂದುಬಣ್ಣದ ಯಂತ್ರವನ್ನು ಕೊಟ್ಟ. ಅದರ ಹೆಸರು ಹೊತ್ತಗೆ. ಅವನ ಪರಿಚಯದವರು ಹೊಸದಾಗಿ ಮಾಡಿದ್ದಂತೆ, ಇನ್ನು ತಿಂಗಳೊಪ್ಪತ್ತಿನಲ್ಲಿ ಅಂಗಡಿಗೆ ಬರುತ್ತದಂತೆ. ಪಂಚಾಕ್ಷರಿ ಗುಂಡಿ ಒತ್ತಿದ. ಕನ್ನಡ ಮೂಡಿತು. ಒಡೆಯದ, ಕುಣಿಯದ, ಒತ್ತು ಒತ್ತಿನ ಜಾಗದಲ್ಲೇ ಕೂತ ಕನ್ನಡ. ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಮಳೆಗಾಲವಿಡೀ ಒಡೆದ ಅಕ್ಷರ ನೋಡಿ ನೋಡಿ ಸೋತಿದ್ದ ಕಣ್ಣಿಗೆ ನೀರೇ ಬಂದಿತು.

"ಹೆಂಗಿದೆ?"

"ಚೆನ್ನಾಗಿದೆ ಸಾರ್. ಭಾಳ ಚೆನ್ನಾಗಿದೆ."

"ಸಾರ್ ಅನ್ಬೇಡ ಅಂತ ಎಷ್ಟು ಸಲ ಹೇಳಿದೀನಿ. ನಮ್ಮಲ್ಲಿ ಎಲ್ಲರೂ ಸಮಾನರು ಕಣೋ," ಎಂದ ಆತ್ರೇಯ. ವರ್ಷಗಳಿಂದ ಹೀಗೇ ಹೇಳುತ್ತಿದ್ದ, ವರ್ಷಗಳಿಂದ ಇವನು ನೀವು, ಅವನು ನೀನು. ಅದು ಪಂಚಾಕ್ಷರಿಗೆ ಎಂದೂ ಅವಮಾನವೆನಿಸಿರಲಿಲ್ಲ, ಪ್ರೀತಿ ಎಂದುಕೊಂಡಿದ್ದ. ಈಗ ಅವನು ಪುಸ್ತಕಗಳ ಪಟ್ಟಿ ಸರಿಸುತ್ತ ಹೋದಂತೆ 'ಬೀಸುವ ಪದಗಳು' ಎಂಬುದು ಕಂಡಿತು. ಕೆಳಗೆ 'ಸಂಪಾದಕ: ಆತ್ರೇಯ'. ತೆರೆದರೆ ಅಕ್ಕನ ಪದಗಳು. ತಾನು ಒತ್ತಿದ ಅಕ್ಷರ, ತಾನು ಒಡೆದ ಸಾಲು, ಕುಕ್ಕರು ಕೂಗುವಾಗ ನಿಲ್ಲಿಸಿ ಮತ್ತೆ ಹಾಡಿಸಿದ ಜಾಗ. ಮೊದಲು ಆದದ್ದು ಸಂತೋಷವೇ. ಅದಕ್ಕಾಗಿ ಅವನು ಆಮೇಲೆ ತನ್ನನ್ನು ತಾನೇ ಕ್ಷಮಿಸಲಾರದೆ ಹೋದ. ಬಳಗದ ವೆಬ್‌ಸೈಟು ಕೆಲವು ವಾರಗಳಿಂದ ಮುಚ್ಚಿತ್ತು, ಸರ್ವರ್ ಕೆಟ್ಟಿದೆ ಎಂದು ಆತ್ರೇಯನೇ ಹೇಳಿದ್ದ. ಆ ನೆನಪು ಬಂದದ್ದು ಸಂತೋಷದ ಹಿಂದೆ, ನಿಧಾನಕ್ಕೆ.

"ಇದನ್ನ ಇದರಿಂದ ನನ್ನ ಕಂಪ್ಯೂಟರಿಗೆ ಹಾಕ್ಕೋಬಹುದಾ?" ಎಂದು ಕೇಳಿದ.

"ಇಲ್ಲ, ಅದೊಂದು ಲಾಕ್ ಇದೆ. ಯಾರು ಕೊಂಡ್ಕೋತಾರೋ ಅವರ ಯಂತ್ರದಲ್ಲಿ ಮಾತ್ರ. ಲಾಕ್ ಇಲ್ಲ ಅಂದ್ರೆ ಪಬ್ಲಿಷರ್ಸ್ ಯಾರೂ ಪುಸ್ತಕ ಕೊಡಲ್ಲ ಕಣೋ."

"ಇದಕ್ಕೆ ಯಾವ ಪಬ್ಲಿಷರ್ ಸಾರ್? ಇದು ನಮ್ದು."

"ನಮ್ದು ಅಂದ್ರೆ? ಯಾರು ಏನು ಬೇಕಾದ್ರೂ ಮಾಡ್ಕೋಬಹುದು ಅಂತ ಹೇಳಿದ್ದು ನಾವೇ ತಾನೆ? ಆ 'ಯಾರು'ನಲ್ಲಿ ಇವರೂ ಬರ್ತಾರೆ."

ಬರುತ್ತಾರೆ. ಪಂಚಾಕ್ಷರಿಗೆ ಬಳಗದ ನಿಯಮ ಮಾಡಿದ ಸಂಜೆ ನೆನಪಿತ್ತು. ತೆಗೆದುಕೊಂಡವರು ತಾವೂ ಅದನ್ನು ತೆರೆದೇ ಇಡಬೇಕು ಎಂದು ಒಂದು ಷರತ್ತು ಹಾಕೋಣವೇ ಎಂದು ನಂಜುಂಡಪ್ಪ ಮೇಷ್ಟ್ರು ಕೇಳಿದಾಗ, ಷರತ್ತು ಹಾಕಿದ ದಾನ ದಾನವಲ್ಲ ಎಂದಿದ್ದ ಆತ್ರೇಯ. ಅಚ್ಚುಮಾಡಿದವರ ಹೆಸರೂ ಬೇಡ, ಹಾಡಿದವರ ಹೆಸರೂ ಬೇಡ, ಹೆಸರು ಬಂದಲ್ಲಿ ಹಕ್ಕು ಬರುತ್ತದೆ ಎಂದಿದ್ದ. ಎಲ್ಲರೂ ಕೈ ಎತ್ತಿದ್ದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ, ಪಂಚಾಕ್ಷರಿ. ಬೇಲಿ ಬೇಡ ಅಂದವರೂ ಇವರೇ, ಹೊಲಕ್ಕೆ ದನ ನುಗ್ಗಿತು ಅಂತ ಬಾಯಿಬಡಿದುಕೊಳ್ಳುವವರೂ ಇವರೇ ಎಂದರೆ ಯಾರಾದರೂ ನಗುತ್ತಾರೆ. ಆದರೆ ದನ ಹೊರಗಿನದಾಗಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆತ್ರೇಯ ಆ ಕಂಪನಿಗೆ ಸಲಹೆಗಾರನಾಗಿ ಸೇರಿದ್ದಾನಂತೆ. ಅದನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನವಿರಾಗಿ, ಕಾಫಿ ಕುಡಿಯುತ್ತ ಹೇಳಿದ. ನಮ್ಮ ಸೈಟನ್ನು ಓದುತ್ತಿದ್ದವರು ಯಾರು, ನಾವು ನಾವೇ ತಾನೆ, ಇನ್ನು ಮುಂದೆ ಸಾವಿರಾರು ಜನ ಓದುತ್ತಾರೆ, ನಿಮ್ಮಕ್ಕನ ಹಾಡು ಎಲ್ಲಿಗೋ ಹೋಗುತ್ತೆ ಕಣೋ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಪಂಚಾಕ್ಷರಿಗೆ ಬರಲಿಲ್ಲ. ತಪ್ಪು ಹುಡುಕುವುದನ್ನು ಅವನಿಗೆ ಕಲಿಸಿದವನೇ ಎದುರಿಗೆ ಕೂತಿದ್ದ.

"ಮಧ್ಯಾಹ್ನ ನೀನೇ ಹೊತ್ತಗೆ ಬಗ್ಗೆ ಹೇಳು," ಎಂದ ಆತ್ರೇಯ. "ನಾನು ಹೇಳಿದ್ರೆ ಸ್ವಾರ್ಥ ಅಂತಾರೆ. ನೀನು ಹೇಳಿದ್ರೆ ಯಾರೂ ಎದುರು ಮಾತಾಡಲ್ಲ. ನಿನ್ನ ಕಟ್ಟುನಿಟ್ಟು ಎಲ್ಲರಿಗೂ ಗೊತ್ತು. ಇದು ನಿಮ್ಮಕ್ಕನಿಗೆ, ಇಟ್ಕೋ."

ಬೇಡ ಎನ್ನಬೇಕಿತ್ತು. ಬಸ್ಸಿನಲ್ಲಿ ಕೂತಾಗ ಅವನಿಗೆ ಬೇಡ ಎನ್ನುವ ಮಾತು ಹತ್ತು ಬಗೆಯಲ್ಲಿ ಹೊಳೆಯಿತು, ಒಂದಕ್ಕಿಂತ ಒಂದು ಖಡಕ್ಕು. ಆ ಮನೆಯಲ್ಲಿ ಮಾತ್ರ ಕೈ ತಾನಾಗಿಯೇ ಮುಂದೆ ಹೋಗಿತ್ತು. ಅಕ್ಕನ ಕಣ್ಣು ನೆನಪಾಯಿತು ಎಂದು ಸಮಾಧಾನ ಹೇಳಿಕೊಂಡ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಮನೆಯಲ್ಲಿ ಕೊಟ್ಟದ್ದನ್ನು ಬೇಡ ಎಂದು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಕಾಫಿ ಕೊಟ್ಟಿದ್ದರು, ಕುಡಿದಿದ್ದ. ವಿಚಾರ ಕೊಟ್ಟಿದ್ದರು, ನಂಬಿದ್ದ. ನವರಂಗ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ತನ್ನ ಕಿವಿಯ ಮೇಲೆ ಎಷ್ಟು ವರ್ಷದಿಂದ ಹೂವಿದೆಯೋ ಎಂದುಕೊಂಡು ಅವನಿಗೆ ಅಳು ಬಂದ ಹಾಗಾಯಿತು. ಬಳಗಕ್ಕೆ ಅವನು ಬೇಕಾಗಿದ್ದದ್ದು ಸುಸ್ತಾಗದ ಹತ್ತು ಬೆರಳಿಗಾಗಿಯೇ ಏನು? ಪ್ರೆಸ್ಸಿನ ಕೆಲಸ ಮುಗಿಸಿ, ಬೆನ್ನು ಹಿಡಿದುಕೊಂಡು, ಎಷ್ಟು ಪುಟ ಒತ್ತಿದ್ದ. ಪಂಚಾಕ್ಷರಿ ಮಾಡ್ತಾನೆ ಬಿಡಿ ಎಂದು ಆತ್ರೇಯ ಹೇಳಿದಾಗಲೆಲ್ಲ ಭುಜ ತಟ್ಟಿದಂತೆ ಹಿಗ್ಗಿದ್ದ.

ದುರ್ಗವ್ವ ರೊಟ್ಟಿ ಬಡಿದು ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದಳು. ಯಂತ್ರವನ್ನು ಮುಟ್ಟುವ ಮುಂಚೆ ಸೆರಗಿನಿಂದ ಕೈಯನ್ನು ಮತ್ತೊಮ್ಮೆ ಒರೆಸಿಕೊಂಡಳು. ಪಂಚಾಕ್ಷರಿ ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಅವಳ ಪದವನ್ನೇ ತೆರೆದು ಕೊಟ್ಟ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಮೊದಲನೇ ಸಾಲು ಮುಗಿಯುವಷ್ಟರಲ್ಲಿ ಮುಖ ಬೇರೆಯಾಯಿತು.

"ಕಾಣ್ತಾವೋ ತಮ್ಮಾ," ಎಂದಳು. "ಸಮಾ ಕಾಣ್ತಾವು. ಇದು ನನ್ನ ಪದ ಐತಲ್ಲೋ."

"ಹೌದಕ್ಕಾ. ಓದು."

ಅವಳು ಓದಿದಳು. ಅವಳ ಸಂತೋಷ ನೋಡುತ್ತ, ಬೀಗದ ಮಾತನ್ನೆಲ್ಲ ಗಾಳಿಗೆ ತೂರಿ ಮಧ್ಯಾಹ್ನ ಈ ಯಂತ್ರವನ್ನೇ ಹೊಗಳಿಬಿಟ್ಟರೇನು ಎಂದು ಪಂಚಾಕ್ಷರಿ ಯೋಚಿಸಿದ. ತತ್ವ ತಿಂದರೆ ಕಣ್ಣು ಕಾಣುತ್ತದೆಯೇ? ಇಂಥ ಮುಖಗಳು ನಂಜುಂಡಪ್ಪ ಮೇಷ್ಟ್ರ ಮಹಡಿಯ ಮೇಲೂ ಅರಳುವುದಾದರೆ, ಆತ್ರೇಯ ಹೇಳಿದ್ದೇ ಸರಿ ಇರಬಹುದು, ತಾನೇ ಬರೀ ಹಟಮಾರಿಯಾಗಿರಬಹುದು. ಹೀಗೆ ಅವನು ಹೆಚ್ಚು ಕಡಿಮೆ ಒಪ್ಪಿಯೇಬಿಟ್ಟಿದ್ದಾಗ ದುರ್ಗವ್ವ ಪದದ ಕೊನೆಗೆ ಬಂದಳು. ಗುಂಡಿ ಒತ್ತಿದಳು. ಮುಂದೆ ಬೇರೆ ಪದ. ಹಿಂದಕ್ಕೆ ಒತ್ತಿದಳು, ಮತ್ತೆ ಮುಂದಕ್ಕೆ ಒತ್ತಿದಳು.

"ತಮ್ಮಾ, ನೀಲವ್ವ ಎಲ್ಲಿ ಅದಾಳೋ?"

ಪಂಚಾಕ್ಷರಿ ಯಂತ್ರ ಇಸಿದುಕೊಂಡು ನೋಡಿದ. ಕಡೀ ಹಿಡಿಯ ನುಡಿ ಇರಲಿಲ್ಲ. ಸಾಲು ತಪ್ಪಿ ಹೋದದ್ದಲ್ಲ, ಪುಟ ಹಾರಿದ್ದಲ್ಲ. ಅದಕ್ಕಿಂತ ಮುಂಚಿನ ನುಡಿಯ ಕೊನೆಗೆ ನೀಟಾಗಿ ಒಂದು ಹೂವಿನ ಗುರುತು ಹಾಕಿ ಪದ ಮುಗಿಸಿದ್ದರು. ಉಳಿದ ಪದಗಳನ್ನು ತಿರುವಿದ. ತವರಿನವರ ಹೆಸರಿದ್ದ ನುಡಿ ಇಲ್ಲ, ಅವ್ವನ ಹೆಸರಿದ್ದ ನುಡಿ ಇಲ್ಲ, ಅವನ ಸ್ವಂತ ಹೆಸರಿದ್ದ ನುಡಿಯೂ ಇಲ್ಲ. ಫೋನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಬಂದ. ಆತ್ರೇಯನ ನಂಬರು ಒತ್ತಿದ.

"ಓ, ಅದಾ," ಎಂದ ಆತ್ರೇಯ. "ಅದನ್ನ ತೆಗೀರಿ ಅಂದಿದ್ದು ಅವರ ಲಾಯರ್ ಕಣೋ. ಯಾರದೋ ಒಬ್ಬರ ಹೆಸರಿದ್ರೆ ನಾಳೆ ಅವರ ಕಡೆಯವರು ಬಂದು ಇದು ನಮ್ಮದು ಅಂದ್ರೆ ಏನು ಮಾಡೋದು? ಹೆಸರಿಲ್ಲ ಅಂದ್ರೆ ಜಾನಪದ, ಎಲ್ಲರದು. ನಾನೇ ಕೂತು ತೆಗೆದೆ. ಹೆಸರು ಬೇಡ ಅನ್ನೋದು ನಮ್ಮದೇ ನಿಯಮ ತಾನೆ?"

"ನಿಮ್ಮ ಹೆಸರೈತಲ್ಲ ಸಾರ್," ಎಂದ ಪಂಚಾಕ್ಷರಿ. ಬೆಂಗಳೂರಿನ ಮಾತು ಕೈಕೊಟ್ಟು ಊರಿನದು ಬಂದಿತ್ತು.

"ಅದು ಸಂಪಾದಕ ಅಂತ. ಯಾರಾದ್ರೂ ಒಬ್ಬರು ಜವಾಬ್ದಾರಿ ತಗೋಬೇಕಲ್ಲಪ್ಪ."

"ಆ ನುಡಿ ವಾಪಸ್ ಹಾಕಿಸ್ರಿ. ಒಂದಽ ಹಾಕಿಸ್ರಿ. ಉಳಿದದ್ದು ಹೋಗ್ಲಿ."

"ನನ್ನ ಕೈಲಿಲ್ಲ ಕಣೋ. ಅದರೊಳಗೆ ಈಗ ನಾನೂ ಕೈ ಹಾಕೋಕಾಗಲ್ಲ." ಮತ್ತೆ, "ಸೆಂಟಿಮೆಂಟ್ ಮಾಡ್ಕೋಬೇಡ. ಮೀಟಿಂಗಿಗೆ ಬೇಗ ಬಾ," ಎಂದ.

ಒಳಗೆ ಬಂದಾಗ ದುರ್ಗವ್ವ ತಟ್ಟೆ ಹಾಕಿದಳು. ಅವನು ಉಣ್ಣದೇ ಹೊರಟ.

ಬಸವೇಶ್ವರನಗರಕ್ಕೆ ಬಸ್ಸು ಕಾಯದೆ ನಡೆದುಕೊಂಡೇ ಹೋದ. ಮಹಡಿಯ ಮೇಲೆ ಚಾಪೆ ಹಾಸಿತ್ತು, ಹಿರಿಯರಿಗೆ ಕುರ್ಚಿ. ಆತ್ರೇಯ ಆಗಲೇ ಬಂದು ಕೂತಿದ್ದ, ಅವನ ಪಕ್ಕದಲ್ಲಿ ಇನ್ನೊಂದು ಹೊತ್ತಗೆ ಕೈಯಿಂದ ಕೈಗೆ ಹೋಗುತ್ತಿತ್ತು, ಅದು ಹೋದಲ್ಲೆಲ್ಲ ಆಹಾ ಎಂಬ ಉದ್ಗಾರ. ಪಂಚಾಕ್ಷರಿ ಎದ್ದು ನಿಂತ. ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ್ದೆಲ್ಲ ಮರೆತಿತ್ತು. ಈ ಹೊತ್ತಗೆ ಬೇಡ, ಇದಕ್ಕೆ ಬೀಗವಿದೆ, ಇದರೊಳಗಿನದನ್ನು ನಾವು ತಿದ್ದುವಂತಿಲ್ಲ, ಅವರು ಮಾತ್ರ ತಿದ್ದಬಹುದು, ಆಗಲೇ ಒಂದು ನುಡಿ ಕಿತ್ತು ಹಾಕಿದ್ದಾರೆ ಎಂದ. "ಒಂದು ನುಡೀನಾ?" ಎಂದು ಯಾರೋ ಕೇಳಿದರು, ಅಷ್ಟೇನಾ ಎಂಬಂತೆ. ಹೋದದ್ದು ಹಲವು, ಆದರೆ ಅವನ ಮನಸ್ಸಿನಲ್ಲಿದ್ದದ್ದು ಆ ಒಂದೇ ನುಡಿ. ಅದು ಯಾರದು ಎಂದು ಹೇಳಿದ್ದರೆ ಮಹಡಿ ಸುಮ್ಮನಾಗುತ್ತಿತ್ತೇನೋ. ಆದರೆ ಸತ್ತ ಕೂಸನ್ನು ಆ ಚಾಪೆಯ ಮೇಲೆ ತಂದು ಮಲಗಿಸಿ, ಅದರ ಮುಖ ನೋಡಿ ಕೈ ಎತ್ತಿ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಎಸ್.ಪಿ. ರೋಡಿನ ಯಂತ್ರದ ಮಾತು ತೆಗೆದ, ಪುಟವನ್ನೆಲ್ಲ ಚಿತ್ರ ಮಾಡಿ ಹಾಕುವ ಉಪಾಯ ವಿವರಿಸಿದ.

"ಅಷ್ಟೊಂದು ಪುಟ ಯಾರು ಮಾಡೋದು ಸಾರ್?" ಎಂದ ವೀರೇಶ. ಬಳಗದ ಲೆಕ್ಕಪತ್ರ ನೋಡುವವನು.

"ನಾನು ಮಾಡ್ತೀನಿ."

"ಇನ್ನೊಂದು ಜನ್ಮ ಬೇಕಾಗತ್ತೆ," ಎಂದ ವೀರೇಶ, ಕೆಟ್ಟ ಮನಸ್ಸಿನಿಂದಲ್ಲ. ಎಲ್ಲರೂ ನಕ್ಕರು.

ಆತ್ರೇಯನೂ ನಕ್ಕ. ಆಮೇಲೆ ಮೆತ್ತಗೆ, ಮನೆಮಂದಿಯ ಗುಟ್ಟು ಹೇಳುವವನ ಹಾಗೆ, "ಪಂಚಾಕ್ಷರಿ, ಬೆಳಿಗ್ಗೆ ನೀನೇ ಒಂದು ತಗೊಂಡು ಹೋದೆಯಲ್ಲೋ," ಎಂದ. "ನಿಮ್ಮಕ್ಕನಿಗೆ ಆಗತ್ತೆ, ಇವರಿಗೆಲ್ಲ ಆಗಲ್ವಾ?"

ಎಲ್ಲರೂ ಅವನತ್ತ ತಿರುಗಿದರು. ನಂಜುಂಡಪ್ಪ ಮೇಷ್ಟ್ರು ದಪ್ಪ ಕನ್ನಡಕದೊಳಗಿಂದ ನೋಡುತ್ತ, "ಹೌದೇನಪ್ಪ?" ಎಂದರು. ಹೌದು ಎಂದ. ಬೇರೆ ಏನು ಹೇಳಲು ಬರುತ್ತಿತ್ತು? ಯಂತ್ರ ಮನೆಯಲ್ಲಿತ್ತು, ಕಿಟಕಿಯ ಪಕ್ಕದಲ್ಲಿ, ಅಕ್ಕನ ಕೈಯಲ್ಲಿ. ಮೇಷ್ಟ್ರು ನಿಟ್ಟುಸಿರು ಬಿಟ್ಟು, "ನಿನ್ನ ಮಾತು ನಿಜ ಇರಬಹುದು. ಆದರೆ ಇರೋ ಚೂರು ಕಣ್ಣಲ್ಲಿ ನಾನು ಈ ವರ್ಷವೇ ಓದಬೇಕಲ್ಲಪ್ಪ," ಎಂದರು. ಆ ಮಾತಿಗೆ ಅವನಿಗೆ ಸಿಟ್ಟು ಬರಲಿಲ್ಲ, ಕೂತುಬಿಟ್ಟ. ಹೊತ್ತಗೆಯ ಪರವಾಗಿ ಕೈಗಳು ಎದ್ದವು. ಪಂಚಾಕ್ಷರಿಯನ್ನು ಬಿಟ್ಟರೆ ಆತ್ರೇಯನ ಕೈ ಮಾತ್ರ ಏಳಲಿಲ್ಲ; ತನಗೆ ಸಂಬಂಧಪಟ್ಟ ವಿಷಯವಾದ್ದರಿಂದ ತಾನು ಮತ ಹಾಕುವುದು ಸರಿಯಲ್ಲ ಎಂದ. ಅದಕ್ಕೂ ಮೆಚ್ಚುಗೆ ಬಂತು.

ಮೆಟ್ಟಿಲಿಳಿಯುವಾಗ ಆತ್ರೇಯ ಹೆಗಲ ಮೇಲೆ ಕೈಯಿಟ್ಟ. "ಬೇಜಾರಾ?" ಎಂದ. ಆ ಕೈಯನ್ನು ಕಿತ್ತೆಸೆಯಬೇಕೆಂದು ಪಂಚಾಕ್ಷರಿಗೆ ಎಷ್ಟು ಬಲವಾಗಿ ಅನಿಸಿತೆಂದರೆ ಅವನಿಗೇ ಹೆದರಿಕೆಯಾಯಿತು. ಕಳ್ಳ ಬಂದು ಕದ್ದಿದ್ದರೆ ಕೂಗಬಹುದಿತ್ತು, ಊರು ಸೇರುತ್ತಿತ್ತು. ಇಲ್ಲಿ ಕದ್ದವನೇ ಸಂತೈಸಲು ನಿಂತಿದ್ದ, ಅದೂ ನಿಜವಾದ ಮರುಕದಿಂದ. ಏನಿಲ್ಲ ಸಾರ್ ಎಂದು ಹೇಳಿ, ಹಾವನೂರು ಸರ್ಕಲ್ಲಿನ ಕಡೆ ನಡೆದ. ಸಾರ್ ಎಂದದ್ದಕ್ಕೆ ಈ ಸಲ ಆತ್ರೇಯ ತಿದ್ದಲಿಲ್ಲ.

ಮನೆಗೆ ಬಂದವನೇ ಕಂಪ್ಯೂಟರ್ ಹಚ್ಚಿದ. ಅವನ ಹಳೆಯ ಕಡತದಲ್ಲಿ ಎಲ್ಲವೂ ಇತ್ತು, ನೀಲವ್ವನೂ ಇದ್ದಳು. ಆ ಪದವನ್ನು ಹೆಬ್ಬೆರಳಿನ ಗಾತ್ರದ ಅಕ್ಷರದಲ್ಲಿ ಜೋಡಿಸಿದ, ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗೂ ಹಾಗೆ ಜೋಡಿಸಿರಲಿಲ್ಲ. ಮೂಲೆಯ ಪ್ರಿಂಟರು ಕೆಮ್ಮುತ್ತ ಕೆಮ್ಮುತ್ತ ಹಾಳೆಗಳನ್ನು ಉಗುಳಿತು. ಕೊನೆಯ ಹಾಳೆಯನ್ನು ಅಕ್ಕನ ಮುಂದೆ ಹಿಡಿದ. ಅವಳು ಬೆರಳಿಟ್ಟು ಓದಿದಳು. ನೀಲವ್ವ ಎಂಬಲ್ಲಿ ಬೆರಳು ನಿಂತಿತು.

"ಇದರಾಗ ಅದಾಳ," ಎಂದಳು.

"ಇದಽ ಖರೇ ಅಕ್ಕಾ. ಅದರಾಗ ಅವ್ರು ತಗದಾರ. ಇದಽ ನಿನ್ನ ಪದ."

ದುರ್ಗವ್ವ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ಯಂತ್ರವನ್ನು ತೆರೆದು ಪಕ್ಕದಲ್ಲಿಟ್ಟು, ಒಮ್ಮೆ ಅದನ್ನು ಒಮ್ಮೆ ಇದನ್ನು ನೋಡಿದಳು. ಪಂಚಾಕ್ಷರಿ ಅವಳ ಬೈಗುಳಕ್ಕೆ ಕಾದ. ಮಾತು ಕೊಟ್ಟಿದ್ದೆಯಲ್ಲೋ ಅನ್ನಲಿ, ನಂಬಿಸಿ ಕುತ್ತಿಗೆ ಕೊಯ್ದೆ ಅನ್ನಲಿ, ಕೆನ್ನೆಗೊಂದು ಬಿಗಿಯಲಿ. ಹಾಗಾದರೂ ಇಬ್ಬರೂ ಒಂದೇ ಕಡೆ ನಿಂತಂತಾಗುತ್ತಿತ್ತು.

"ಇದು ನೀ ಬರ್ದದ್ದು ತಮ್ಮಾ," ಎಂದಳು ಅವಳು, ಸಮಾಧಾನದ ದನಿಯಲ್ಲಿ. "ಅದು ಪುಸ್ತಕ."

"ಅಕ್ಕಾ..."

"ಪುಸ್ತಕದಾಗ ಇಲ್ಲಂದ ಮ್ಯಾಲ ನಾನಽ ತಪ್ಪ ಹಾಡಿರಬೇಕು. ಹಿರೇರು ಕಟ್ಟಿದ ಪದದಾಗ ನನ್ನ ಕೂಸಿನ ಹೆಸರು ಯಾಕ ತುರುಕಬೇಕಿತ್ತು ನಾ? ಆತ್ರೇಯ ಸಾಹೇಬ್ರು ಕಲ್ತವ್ರು, ನೋಡೇ ತಗದಿರ್ತಾರ. ನೀ ಅವ್ರ ಮುಂದ ಏನೂ ಅನ್ನಾಕ ಹೋಗಬ್ಯಾಡ."

"ಹಂಗಲ್ಲಕ್ಕಾ. ನೀನಽ ಹಾಡಿದ್ದು, ನಾ ಕೇಳೇನಿ. ಒಮ್ಮೆ ಹಾಡು. ಪೂರಾ ಹಾಡು."

ಅವನ ದನಿ ಒಡೆದದ್ದು ಕೇಳಿ ಅವಳಿಗೆ ಕರುಣೆ ಬಂದಿರಬೇಕು. ಹಾಡಿದಳು. ಮೊದಲ ನುಡಿ, ಎರಡನೆಯದು, ಕಲ್ಲಿನ ಸುತ್ತು ಕೇಳುವಷ್ಟು ನಿಧಾನವಾಗಿ, ಹಳೆಯ ದನಿಯಲ್ಲೇ. ಹೂವಿನ ಗುರುತಿನ ಜಾಗಕ್ಕೆ ಬಂದಾಗ ನಿಲ್ಲಿಸಿದಳು. ಪಂಚಾಕ್ಷರಿ ಕಾದ. ಅವಳ ತುಟಿ ಒಮ್ಮೆ ಬಿಚ್ಚಿತು, ಕಣ್ಣು ಯಂತ್ರದ ಕಡೆ ಹೋಯಿತು. "ಇಷ್ಟಽ," ಎಂದು ಹೇಳಿ, ಗುಂಡಿ ಒತ್ತಿ, ಮುಂದಿನ ಪದ ಶುರು ಮಾಡಿದಳು.